ದೋಣಿಯವನ ಮನೆಯಲ್ಲಿ ಯಾರ್ಯಾರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಇವತ್ತೂ ಆ ಸ್ಕೂಟರ್ ಬಂತು. ಹಿಂದಿನ ಸೀಟಿನಿಂದ ನಮ್ಮ ಆಫೀಸಿನ ಹೊಸಬ ಇಳಿದ. ಹೆಲ್ಮೆಟ್ ತೆಗೆದು ಕೊಟ್ಟ. ಸ್ಕೂಟರಿನವನು ಇವನ ಕಾಲರ್ ಸರಿ ಮಾಡಿದ, ಊಟದ ಡಬ್ಬಿ ಕೈಗಿಟ್ಟ, ಹೋದ. ಸೆಕ್ಯುರಿಟಿಯವನು ನೋಡಿದ. ಲಿಫ್ಟಿಗೆ ಕಾಯುತ್ತಿದ್ದವರೂ ನೋಡಿದರು. ಹೊಸಬನಿಗೆ ಯಾರ ಪರಿವೆಯೂ ಇಲ್ಲ. ಸೇರಿದ ಮೊದಲ ವಾರವೇ ಸ್ಕೂಟರಿನವನನ್ನು ತೋರಿಸಿ ಎಲ್ಲರೆದುರು "ಇವನು ನನ್ನ ಪಾರ್ಟ್ನರ್" ಅಂದವನು.

ನನಗೆ ನಲವತ್ತಮೂರು. ಈ ಸ್ಟುಡಿಯೋದಲ್ಲಿ ವಿಡಿಯೋ ಗೇಮುಗಳಿಗೆ ಮಾತು ಬರೆಯುತ್ತ ಹನ್ನೊಂದು ವರ್ಷ. ನನ್ನ ವಿಷಯ ಒಬ್ಬರಿಗೂ ಹೇಳಿಲ್ಲ. ಒಂದೇ ಮನೆಯಲ್ಲಿರುವ ಅಕ್ಕನಿಗೂ ಇಲ್ಲ.

ನೋಡಬಾರದು ಅಂದುಕೊಳ್ಳುತ್ತೇನೆ. ಒಂಬತ್ತಾದರೆ ಕತ್ತು ತಾನಾಗಿ ಕಿಟಕಿಯ ಕಡೆ ತಿರುಗುತ್ತದೆ.

ಮಾರ್ಚ್ 5, ಬುಧವಾರ

ಹೊಸಬ ದೋಣಿಯವನ ಮಾತುಗಳನ್ನು ಬರೆದು ಕೊಟ್ಟ. ಹೊಸ ಗೇಮಿನಲ್ಲಿ ನದಿ ದಾಟಿಸುವವನು. ಆಡುವವರು ಮೂರು ಸಲ ಅವನ ದೋಣಿ ಹತ್ತಬೇಕು. "ಮನೇಲಿ ಯಾರ್ಯಾರಿದಾರೆ?" ಅಂತ ಕೇಳಿದರೆ ಹೇಳುತ್ತಾನೆ:

"ನಾನು, ನನ್ನ ಗಂಡ. ಅವನ ಅಡುಗೇಲಿ ಉಪ್ಪು ಯಾವಾಗ್ಲೂ ಒಂದು ಕೈ ಜಾಸ್ತಿ. ಆದ್ರೂ ಆರೋದ್ರೊಳಗೆ ಮನೆ ಸೇರ್ಬೇಕು. ಕೂತ್ಕೊ, ಬೇಗ ದಾಟಿಸ್ತೀನಿ."

ಅಷ್ಟೇ. ಭಾಷಣ ಇಲ್ಲ, ಕಣ್ಣೀರಿಲ್ಲ. ಎರಡು ಸಲ ಓದಿದೆ. ಮೂರನೇ ಸಲ ಆಗಲಿಲ್ಲ. ಇದನ್ನು ನಾನು ಬರೆಯಬೇಕಿತ್ತು. ಹನ್ನೊಂದು ವರ್ಷ ನನ್ನ ಗಂಟಲಲ್ಲೇ ಉಳಿದದ್ದನ್ನು ಇವನು ಬಂದ ನಾಲ್ಕು ತಿಂಗಳಿಗೆ ಉಪ್ಪು-ಗಿಪ್ಪು ಅಂತ ಬರೆದು ಮುಗಿಸಿದ...

ಹೊಟ್ಟೆ ಉರಿಯಿತು. ಇಲ್ಲಾದರೂ ಸುಳ್ಳೇಕೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಮೀಟಿಂಗ್. ದೊಡ್ಡೋರು (ಸ್ಟುಡಿಯೋ ಅವರದು, ಮಾತೂ ಅವರದೇ) ಕಾಫಿ ಲೋಟ ಹಿಡಿದೇ ಶುರು ಮಾಡಿದರು. "ದೋಣಿಯವನು ಗೇ ಆಗ್ಲೇಬೇಕಾ? ಆಡೋರು ಏನಂತಾರೋ."

"ಗೇಮಲ್ಲಿ ಅಂಗಡಿಯವನಿಗೆ ಹೆಂಡತಿ ಇದಾಳೆ ಸರ್," ಅಂದ ಹೊಸಬ. "ಅವನಿಗೆ ಹೆಂಡತಿ ಯಾಕೆ ಅಂತ ಯಾರೂ ಕೇಳ್ಲಿಲ್ಲ."

ಟೆಸ್ಟಿಂಗ್ ಮೇಡಂ ಅಂದರು, "ಕೆಲವರು ಬೈತಾರೆ, ಅದಿರ್ಲಿ. ಇನ್ನು ಕೆಲವರು, ಇವರೂ ಲೆಕ್ಕಕ್ಕೆ ಒಬ್ಬನ್ನ ತುರುಕಿದ್ರಪ್ಪಾ ಅಂತಾರೆ. ಅದು ಇನ್ನೂ ಕಷ್ಟ."

ನಾನು ಬಾಯಿ ಹಾಕಿದೆ. "ನನಗೂ ಹಾಗೇ ಅನ್ಸತ್ತೆ. ತೋರಿಕೆಗೆ ಇಟ್ಟ ಹಾಗಿದೆ. ಕಥೆಗೆ ಆ ಗಂಡನಿಂದ ಆಗ್ಬೇಕಾದ್ದು ಏನಿದೆ?"

"ಏನೂ ಇಲ್ಲ ಸರ್," ಅಂದ ಹೊಸಬ. "ಅದಕ್ಕೇ ಇಟ್ಟಿದ್ದು. ಕಥೆಗೆ ಬೇಕು ಅಂತ ನಮ್ಮಂಥೋರನ್ನ ತಂದ್ರೆ ಒಂದೋ ನಗಿಸೋಕೆ ತರ್ತಾರೆ, ಇಲ್ಲ ಸಾಯಿಸೋಕೆ. ಇವನು ಸುಮ್ನೆ ಕೆಲಸ ಮುಗಿಸಿ ಮನೆಗೆ ಹೋಗ್ಲಿ. ಈ ಸ್ಟುಡಿಯೋದ ಮೊದಲನೇ ಗೇಮಿನ ದರ್ಜಿ ನೋಡಿ. ಸೊಂಟ ಬಳುಕಿಸ್ಕೊಂಡು ಬರ್ತಾನೆ, ಎಲ್ಲ ನಗ್ತಾರೆ. ಅವನನ್ನ ಬರೆದೋರು ಯಾರೋ, ನಮ್ಮಂಥೋರನ್ನ ಹತ್ತಿರದಿಂದ ಒಂದ್ಸಲಾನೂ ನೋಡಿಲ್ಲ."

ದರ್ಜಿಯನ್ನು ಬರೆದವನು ನಾನು.

ದೊಡ್ಡೋರಿಗೆ ಗೊತ್ತು. ಕಾಫಿ ಕುಡಿಯುತ್ತಿದ್ದರು. ನಾನು ಬರೆದ ದರ್ಜಿಗೆ ಸೊಂಟದ ಕುಣಿತ ಇರಲಿಲ್ಲ. ಒಬ್ಬ ಸೈನಿಕ ಹೊಲಿಯಲು ಕೊಟ್ಟುಹೋದ ಅಂಗಿಯನ್ನು ವರ್ಷಗಟ್ಟಲೆ ಮಡಿಸಿಟ್ಟುಕೊಂಡವನು. ಅಂಗಿಯ ಮಾತು ತೆಗೆದರು, ನಡಿಗೆ ಬದಲಿಸಿದರು. ಮೊದಲ ಸಲ ತೆರೆಯ ಮೇಲೆ ಬಂದಾಗ ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ.

ತೀರ್ಮಾನ: ಮನೆಯವರ ದಿನ ನೋಡೋಣ. ಪ್ರತಿ ಗೇಮಿಗೂ ನಮ್ಮಲ್ಲಿ ಅದೊಂದು ಪದ್ಧತಿ, ಎಲ್ಲರೂ ಮನೆಯಿಂದ ಒಬ್ಬೊಬ್ಬರನ್ನು ಕರೆತಂದು ಆಡಿಸಿ, ಮನಸ್ಸಿಗೆ ಬಂದದ್ದನ್ನು ಹಾಳೆಯಲ್ಲಿ ಬರೆಸುವುದು. ಯಾರಾದರೂ ದೋಣಿಯವನ ಬಗ್ಗೆ ಬರೆದರೆ ಆ ಸಾಲು ಉಳಿಯುತ್ತದೆ. ಇಲ್ಲವಾದರೆ ತೆಗೆಯುವುದು.

ಮಾರ್ಚ್ 11, ಮಂಗಳವಾರ

ಮಾತಿನ ಪಟ್ಟಿಗೆ ಕೊನೆಯ ಕೈ ನನ್ನದು. ಪ್ರತಿ ಸಾಲಿನ ಪಕ್ಕ ಒಂದು ಅಂಕಿ. ಆಡುವವರ ಮೇಲೆ ಪಾತ್ರಕ್ಕೆ ಎಷ್ಟು ವಿಶ್ವಾಸ ಬಂದರೆ ಆ ಮಾತು ಹೊರಗೆ ಬರಬೇಕು ಅಂತ. ಗಂಡನ ಸಾಲಿಗೆ ಹೊಸಬ ಇಪ್ಪತ್ತು ಹಾಕಿದ್ದ. ನಾನು ತೊಂಬತ್ತು ಮಾಡಿದೆ.

ಗುರುತಿಲ್ಲದವರ ಹತ್ತಿರ ಯಾರು ಮನೆ ವಿಷಯ ಹೇಳುತ್ತಾರೆ? ಸಹಜವಾಗಿರಲಿ ಅಂತ...

ಒಂದು ಸಲ ನದಿ ದಾಟಿದರೆ ವಿಶ್ವಾಸ ಇಪ್ಪತ್ತು ಏರುತ್ತದೆ, ಮೂರು ಸಲಕ್ಕೆ ಅರವತ್ತು. ಅದರಾಚೆ ಹೋಗಲು ದಾರಿಯೇ ಇಲ್ಲ. ಗೊತ್ತಿದ್ದೇ ಮಾಡಿದೆ.

ವಿಶ್ವಾಸ ಸಾಲದಾಗ ಹೇಳಲು ಬೇರೊಂದು ಸಾಲು ಬೇಕಲ್ಲ. "ನದೀನೇ ನಮ್ಮನೆ. ಬಿಡಿ, ಗಾಳಿ ಜೋರಾಗ್ತಿದೆ." ಅರ್ಧ ನಿಮಿಷ ಹಿಡಿಯಲಿಲ್ಲ ಬರೆಯಲು. ಇಂಥ ಮಾತು ನನಗೆ ಬಾಯಿಪಾಠ.

ಮಾರ್ಚ್ 22, ಶನಿವಾರ. ಸಂಜೆ

ಮನೆಯವರ ದಿನ. ಹದಿನಾಲ್ಕು ಜನ. ಹೊಸಬ ಸ್ಕೂಟರಿನವನನ್ನು ಕರೆತರಲಿಲ್ಲ, ತನ್ನ ಸಾಲು ಅವನಿಗೆ ಮೊದಲೇ ಗೊತ್ತು ಅಂತ ಪಕ್ಕದ ಮನೆಯ ಅಜ್ಜನನ್ನು ತಂದಿದ್ದ. ಅದರಲ್ಲೂ ನ್ಯಾಯ. ಮೈ ಉರಿಯಿತು. ಅಜ್ಜ ದೋಣಿಯವನನ್ನು ಏನೂ ಕೇಳದೆ ನದಿ ದಾಟಿಬಿಟ್ಟರು.

ನಾನು ಅಕ್ಕನನ್ನು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಮೂವತ್ತು ವರ್ಷದಿಂದ ಜನರ ಬಾಯಿ ಬಿಡಿಸಿ ನೋವು ಎಲ್ಲಿ ಅಂತ ಹೇಳಿಸಿದವಳು. ಕಂಟ್ರೋಲರನ್ನು ಥರ್ಮಾಮೀಟರ್ ಹಿಡಿದ ಹಾಗೆ ಹಿಡಿದಳು. ಎರಡು ಸಲ ನದಿಗೆ ಬಿದ್ದಳು. ದೋಣಿ ಹತ್ತಿದ ಮೇಲೆ ಕೇಳಿದಳು, ಮನೇಲಿ ಯಾರ್ಯಾರಿದಾರೆ? ನದೀನೇ ನಮ್ಮನೆ, ಅಂದ ದೋಣಿಯವನು. ಮತ್ತೆ ಕೇಳಿದಳು. ಗಾಳಿ ಜೋರಾಗ್ತಿದೆ. ಮತ್ತೆ.

"ಅದನ್ನೇ ಎಷ್ಟು ಸಲ ಕೇಳ್ತೀಯಕ್ಕ, ಮುಂದೆ ಹೋಗು."

"ಇರೋ. ಇವನೂ ನಿನ್ನ ಥರಾನೇ. ಮನೆ ವಿಷಯ ಎತ್ತಿದ್ರೆ ಮಾತು ಹಾರಿಸ್ತಾನೆ."

ತೆರೆಯನ್ನೇ ನೋಡುತ್ತ ಹೇಳಿದಳು, ನನ್ನ ಕಡೆ ತಿರುಗಲಿಲ್ಲ. ಹಾಳೆಯಲ್ಲಿ ಒಂದೇ ಸಾಲು ಬರೆದಳು: "ದೋಣಿಯವನಿಗೆ ಏನೋ ಹೇಳೋದಿದೆ. ಹೇಳೋಕೆ ಬಿಡಿ."

ಹಾಳೆಗಳನ್ನು ಒಟ್ಟುಮಾಡುವಾಗ ಅವಳದನ್ನು ಮಡಿಸಿ ಜೇಬಿಗೆ ಹಾಕಿದೆ.

ಮಾರ್ಚ್ 24, ಸೋಮವಾರ

"ಹದಿಮೂರು ಹಾಳೆ ಇದೆ. ದೋಣಿಯವನ ಬಗ್ಗೆ ಒಂದಕ್ಷರ ಇಲ್ಲ," ಅಂದರು ದೊಡ್ಡೋರು. "ತೆಗೆದುಬಿಡೋಣ. ಶುಕ್ರವಾರ ಪಟ್ಟಿ ಲಾಕ್, ಆಮೇಲೆ ತಿದ್ದೋ ಹಾಗಿಲ್ಲ."

ಹೊಸಬ ವಾದ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ. "ಕೇಳಿದ್ರೂ ಯಾರಿಗೂ ಏನೂ ಅನ್ನಿಸ್ಲಿಲ್ಲ ಅಂದ್ರೆ ನಾನೇ ಸರಿಯಾಗಿ ಬರೆದಿಲ್ಲ ಸರ್."

ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಆರು ಗಂಟೆಗೆ ಕಿಟಕಿಯಿಂದ ನೋಡಿದೆ. ಹೊಸಬ ಏನೋ ಹೇಳಿದ. ಸ್ಕೂಟರಿನವನು ಗಾಡಿ ಆಫ್ ಮಾಡಿ ಪೂರ್ತಿ ಕೇಳಿಸಿಕೊಂಡ, ಆಮೇಲೆ ಹೆಲ್ಮೆಟ್ ತಾನೇ ತೊಡಿಸಿದ. ಸೋತು ಬಂದರೂ ಕರೆದುಕೊಂಡು ಹೋಗಲು ಒಬ್ಬನಿದ್ದಾನೆ ಇವನಿಗೆ. ಅದಕ್ಕೂ ಹೊಟ್ಟೆಕಿಚ್ಚು ನನಗೆ. ಎಂಥ ಮನುಷ್ಯ ಆಗಿಬಿಟ್ಟೆ.

ಮಾರ್ಚ್ 28, ಶುಕ್ರವಾರ

ಮೂರು ದಿನ ಏನೂ ಬರೆದಿಲ್ಲ. ಜೇಬಿನ ಹಾಳೆ ಅಂಗಿಯಿಂದ ಅಂಗಿಗೆ ಬದಲಾಯಿತು.

ಲಾಕ್ ಆಗಲು ಎರಡು ಗಂಟೆ ಇರುವಾಗ ಹೊಸಬನನ್ನು ಮೆಟ್ಟಿಲ ಹತ್ತಿರ ಕರೆದೆ. ಹಾಳೆ ಕೊಟ್ಟೆ. ತೊಂಬತ್ತರ ವಿಷಯ ಹೇಳಿದೆ. "ನಿನ್ನ ಸಾಲನ್ನ ಯಾರೂ ಕೇಳೇ ಇಲ್ಲ. ಕೇಳೋಕೆ ನಾನು ಬಿಟ್ಟಿಲ್ಲ."

ಅವನು ಹಾಳೆ ಬಿಡಿಸಿ ಓದಿದ. "ನಾನು ನಿಮಗೇನು ಮಾಡಿದ್ದೆ ಸರ್?"

"ಏನೂ ಇಲ್ಲ. ಹೊಟ್ಟೆಕಿಚ್ಚು."

"ಒಂದು ಸಾಲಿಗಾ?"

"ಸಾಲಿಗೂ."

ಅವನು ಕಾಯುತ್ತಿದ್ದ. ನನ್ನ ಬಾಯಿಗೆ ಗಾಳಿ ಜೋರಾಗ್ತಿದೆ ಅನ್ನುವಂಥದ್ದೇ ಏನೋ ಬರುವುದರಲ್ಲಿತ್ತು. ತಡೆದು ಹೇಳಿದೆ, "ದರ್ಜೀನ ಬರೆದೋನು ನಾನು. ನೀನಂದದ್ದು ತಪ್ಪು. ಹತ್ತಿರದಿಂದಾನೇ ನೋಡಿದೀನಿ. ಕನ್ನಡಿಲಿ."

ಅವನು ಹಾಳೆ ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟ. ಕ್ಷಮಿಸಿದೆ ಅನ್ನಲಿಲ್ಲ. "ಇದನ್ನ ದೊಡ್ಡೋರಿಗೆ ನೀವೇ ಹೇಳ್ಬೇಕು," ಅಂದ. ಹೇಳಿದೆ. ಅಂಕಿ ಬದಲಿಸಿದ್ದು, ಹಾಳೆ ಬಚ್ಚಿಟ್ಟದ್ದು. ಯಾಕೆ ಅಂತಲೂ. ಬೈಸಿಕೊಂಡೆ. ಪಟ್ಟಿಯ ಕೊನೆಯ ಕೈ ಇನ್ನು ಮೇಲೆ ನನ್ನದಲ್ಲ, ಹೊಸಬನದು. ಸಾಲು ಉಳಿಯಿತು, ಅಂಕಿ ಮತ್ತೆ ಇಪ್ಪತ್ತಾಯಿತು.

ಮಾರ್ಚ್ 30, ಭಾನುವಾರ. ಬೆಳಿಗ್ಗೆ 11

"ಆ ದೋಣಿಯವನ ಕಥೆ ಏನಾಯ್ತೋ?" ಅಂತ ಅಕ್ಕ ನಿನ್ನೆಯಿಂದ ಬೆನ್ನು ಬಿದ್ದಿದ್ದಳು. ಹಾಲ್‌ನ ಟಿವಿಗೆ ಗೇಮಿನ ತಿದ್ದಿದ ಪ್ರತಿ ಹಾಕಿಕೊಟ್ಟೆ. ನದಿಗೆ ಬಿದ್ದಳು, ಎದ್ದಳು, ಮೊದಲ ಸಲ ದಾಟಿ, ಎರಡನೇ ಸಲ ದೋಣಿ ಹತ್ತಿದಳು. ಕೇಳಿದಳು.

ನಾನು, ನನ್ನ ಗಂಡ, ಅಂದ ದೋಣಿಯವನು. ಉಪ್ಪಿನ ಮಾತು ಬಂತು. ಅಕ್ಕ ಸಣ್ಣಗೆ ನಕ್ಕಳು. ಅಷ್ಟು ವರ್ಷದ ಕೆಳಗೆ ದರ್ಜಿಗೆ ಆಫೀಸು ನಕ್ಕ ನಗು ಅಲ್ಲ ಅದು. "ಪಾಪ, ಇಷ್ಟು ಹೇಳೋಕೆ ಅಷ್ಟು ಸತಾಯಿಸಿದ," ಅಂದಳು. ಕಂಟ್ರೋಲರ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಈಗ ನೀನು ಹೇಳು."

ಪೆನ್ನು ತರ್ತೀನಿ ಅಂತ ಎದ್ದು ಬಂದೆ. ಪೆನ್ನು ಯಾಕೆ ಅಂತ ಅವಳು ಕೇಳಲಿಲ್ಲ. ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಟಿವಿಯಲ್ಲಿ ನದಿಯ ಸದ್ದು ಬರುತ್ತಲೇ ಇದೆ, ಅಕ್ಕ ಆಫ್ ಮಾಡಿಲ್ಲ. ಮುಂದಕ್ಕೂ ಆಡುತ್ತಿಲ್ಲ. ಹೇಗೆ ಶುರು ಮಾಡುವುದು ಅಂತ ಇಲ್ಲಿ ಒಂದು ಸಲ ಬರೆದು ನೋಡಿಕೊಂಡು ಹೋಗುತ್ತೇನೆ.

ಅಕ್ಕಾ, ನಾನು