ರಜೆಯಲ್ಲಿ ಮೈದಾನದ ಗೇಟು

ಮೇಲೂರು

ಹೆಡ್‌ಮಾಸ್ಟರ್ ವೆಂಕಟೇಶಮೂರ್ತಿ ಅವರಿಗೆ ಶಿರೀಷಾ ಮಾಡುವ ನಮಸ್ಕಾರ.

ದಸರಾ ರಜೆಯಲ್ಲಿ ಶಾಲೆಯ ಮೈದಾನಕ್ಕೆ ಬೀಗ ಹಾಕುತ್ತೀರಂತೆ. ದಯವಿಟ್ಟು ಸಂಜೆ ಹೊತ್ತು ತೆರೆದಿಡಿ. ನಮ್ಮ ಯಜಮಾನರು ಚನ್ನಕೇಶವ ಅಲ್ಲಿ ಓಡುವುದನ್ನು ನೀವೂ ನೋಡಿದ್ದೀರಿ.

ಕುಡಿತ ಬಿಡಿಸಿದ ಡಾಕ್ಟರು ಔಷಧಿಯ ಜೊತೆಗೆ ದಿನಾ ಮೈ ದಣಿಯುವಂತೆ ನಡೆಯಲು ಹೇಳಿದ್ದರು. ಇವರಿಗೆ ಆಸೆ ಕೆರಳುವುದು ಹೊತ್ತು ಮುಳುಗುವಾಗಲೇ. ಮೊದಲು ರಸ್ತೆಯಲ್ಲೇ ನಡೆದರು. ಹಳೆಯ ಗೆಳೆಯರು ಬೈಕು ನಿಲ್ಲಿಸಿ, "ಹತ್ತೋ ಚನ್ನ, ಸುಮ್ನೆ ಕೂತು ಬರಣ" ಎನ್ನುತ್ತಿದ್ದರು. ಅದಕ್ಕೇ ನಿಮ್ಮ ಮೈದಾನಕ್ಕೆ ಬಂದರು. ಇಲ್ಲಿ ನಡಿಗೆ ಬಿಟ್ಟು ಓಡತೊಡಗಿದರು. ಶುರುವಿನಲ್ಲಿ ಅರ್ಧ ಸುತ್ತಿಗೇ ಬೇವಿನ ಮರ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದರು, ಮಕ್ಕಳು ನಗುತ್ತಿದ್ದರು. ಆದರೂ ಮರುದಿನ ಮತ್ತೆ ಹೋಗುತ್ತಿದ್ದರು. ಆ ಛಲ ನನಗೆ ಬರುವಂಥದ್ದಲ್ಲ. ನಕ್ಕ ಮಕ್ಕಳೇ ಈಗ ಇವರ ಹಿಂದೆ ಓಡುತ್ತಿದ್ದಾರೆ.

ರಜೆಯಲ್ಲಿ ಗೇಟು ತೆಗೆಯಲು ಜನವಿಲ್ಲದಿದ್ದರೆ ಬೀಗದ ಕೈ ನನಗೆ ಕೊಡಿ. ನಾನೇ ತೆಗೆದು, ಅವರು ಓಡಿ ಮುಗಿಸುವವರೆಗೆ ಕೂತಿದ್ದು, ಮತ್ತೆ ಬೀಗ ಹಾಕುತ್ತೇನೆ.

ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣವಿದೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಯಾವ ಘಾಟೂ ಆಗದು. ಕುಡಿದ ವಾಸನೆಯ ಇವರನ್ನು ನಾನು ಹುಳದ ಮನೆಯ ಹೊಸ್ತಿಲು ದಾಟಲು ಬಿಡದೆ ವರ್ಷಗಳೇ ಆಗಿದ್ದವು. ಮೊನ್ನೆ ಓಡಿ ಬಂದು, ಸ್ನಾನ ಮಾಡಿ, ಬಾಗಿಲ ಹೊರಗೇ ನಿಂತು ಕೇಳಿದರು: "ಇವತ್ತು ಸೊಪ್ಪು ನಾನು ಹಾಕ್ಲೇನಮ್ಮ?"

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ಹಾಕಿದ ಸೊಪ್ಪನ್ನು ಹುಳಗಳು ಒಂದೆಲೆಯೂ ಉಳಿಸದೆ ತಿಂದವು.

ನಿಮ್ಮ ಉತ್ತರಕ್ಕೆ ಕಾಯುವ,
ಶಿರೀಷಾ