ಹಳೇ ಶೆಡ್ಡಿನ ಡಿಕ್ಕಿ ಬಾಗಿಲು

ಪಕ್ಕದ ಕೋಣೆಯಲ್ಲಿ ಕೂತು ಕೀಬೋರ್ಡು ಕುಟ್ಟುತ್ತಿರುವ ನನ್ನ ಸೊಸೆಗೆ, ಗೋಡೆಯ ಈಚೆಯಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಯಾಕೆ ಎಂದು ನೀನು ನಗುತ್ತೀಯ. ನಗು. ಎದುರು ಕೂತು ಹೇಳೋಣವೆಂದು ಮೂರ್ನಾಲ್ಕು ಸಲ ನೋಡಿದೆ ಅಮ್ಮಾ, ಆಗಲಿಲ್ಲ. ಹೊಗಳಿಕೆಯ ವಾಸನೆ ಬಂದರೆ ಸಾಕು, "ಮಾವ, ಬಿಪಿ ಮಾತ್ರೆ ತಗೊಂಡ್ರಾ?" ಎಂದು ಮಾತು ತಿರುಗಿಸಿಬಿಡುತ್ತೀಯ. ನನಗೂ ನಿನ್ನನ್ನು ಕಿಚಾಯಿಸಿ ಗೊತ್ತೇ ಹೊರತು ಹೊಗಳಿ ಅಭ್ಯಾಸವಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ಬರೆದು ನಿನ್ನ ಲ್ಯಾಪ್‌ಟಾಪಿನ ಚೀಲಕ್ಕೆ ಸೇರಿಸುತ್ತೇನೆ. ಓದಿದ ಮೇಲೆ ಏನೂ ಆಗದವಳ ಹಾಗೆ ಇದ್ದುಬಿಡು, ನಾನೂ ಹಾಗೇ ಇರುತ್ತೇನೆ.

ನೀನು ಈ ಮನೆಗೆ ಬಂದ ಹೊಸದರಲ್ಲಿ ನಿನ್ನ ಕೆಲಸವೇ ನನ್ನ ತಲೆಗೆ ಹತ್ತಿರಲಿಲ್ಲ. ನಾನು ಆಯುಷ್ಯವೆಲ್ಲ ಕಂಪನಿಯ ಹಳೇ ಶೆಡ್ಡಿನಲ್ಲಿ ಕಾರು ಜೋಡಿಸಿದವನು. ಲೈನಿನ ಆ ತುದಿಯಿಂದ ಬಣ್ಣ ಬಳಿದ ಖಾಲಿ ಡಬ್ಬದಂಥದ್ದು ಬರುತ್ತಿತ್ತು; ವೈರು, ಗಾಜು, ಸೀಟು, ಚಕ್ರ ಎಂದು ಒಂದೊಂದೇ ಸೇರಿ ಈ ತುದಿಯಲ್ಲಿ ಕಾರಾಗಿ ಹೊರಟುಹೋಗುತ್ತಿತ್ತು. ಗೇಟು ದಾಟಿದರೆ ನಮ್ಮ ಕೆಲಸ ಮುಗಿಯಿತು. ನೀನೋ ಅದೇ ಕಂಪನಿಯ ಗಾಜಿನ ಕಟ್ಟಡದಲ್ಲಿ ಕೂತು, ಮಾರಾಟವಾಗಿ ಯಾರದೋ ಮನೆ ಮುಂದೆ ನಿಂತ ಕಾರಿಗೆ ಇಂಟರ್ನೆಟ್ಟಿನಲ್ಲೇ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸುವವಳು. "ಗೇಟು ದಾಟಿದ ಮೇಲೇ ನಮ್ಮ ಕೆಲಸ ಶುರು, ಮಾವ" ಎಂದಿದ್ದೆ. ಮಾರಿದ ವಸ್ತುವಿನಲ್ಲಿ ಮತ್ತೆ ಕೈಯಾಡಿಸುವುದು ಎಂಥ ಉದ್ಯೋಗವೋ ಎಂದು ನಾನು ನಿನ್ನ ಅತ್ತೆಯ ಹತ್ತಿರ ಗೊಣಗಿದ್ದೆ. ಹಲ್ಲಿನ ಡಾಕ್ಟರಾದ ನನ್ನ ಮಗನಿಗೆ ಬಾನೆಟ್ಟು ಯಾವುದು ಡಿಕ್ಕಿ ಯಾವುದು ಎಂದು ಈಗಲೂ ಒಂದು ಕ್ಷಣ ಯೋಚಿಸಬೇಕು. ಅಂಥ ಮನೆಗೆ ಕಾರಿನವಳೇ ಸೊಸೆಯಾಗಿ ಬಂದಳಲ್ಲ ಎಂದು ಒಳಗೊಳಗೇ ಖುಷಿಯಿತ್ತು, ಆದರೆ ಅದನ್ನು ತೋರಿಸಿಕೊಳ್ಳುವಷ್ಟು ದಡ್ಡ ನಾನಲ್ಲ.

ಆಮೇಲೆ ನಮ್ಮ ಕಾರಿಗೇ ನಿನ್ನ ಅಪ್‌ಡೇಟ್ ಬಂತು. ನಾನು ನಿವೃತ್ತನಾಗುವ ವರ್ಷ ನಮ್ಮ ಲೈನಿನಿಂದಲೇ ಇಳಿದ ಕಾರು ಅದು. ಮೊದಲ ಸಲ ರೇಡಿಯೋದ ಬಟನ್ ಇದ್ದ ಜಾಗದಲ್ಲಿ ಇರಲಿಲ್ಲ, ಪರದೆಯ ಮೂಲೆಗೆ ಹೋಗಿ ಕೂತಿತ್ತು. ನಾನು ಎರಡು ದಿನ ನಿನ್ನ ಜೊತೆ ಮುಖ ಗಂಟಿಕ್ಕಿಕೊಂಡೇ ಮಾತಾಡಿದೆ. ಮುಂದಿನ ಸಲ, ಒಂದು ಚಳಿಯ ಬೆಳಿಗ್ಗೆ, ನಿನ್ನ ಅತ್ತೆ ಕಾರಿನಲ್ಲಿ ಕೂತವಳೇ, "ರೀ, ಸೀಟಿಗೆ ಜ್ವರ ಬಂದಿದೆ ನೋಡ್ರೀ" ಎಂದಳು. ನೀನು ಹಿಂದಿನ ಸೀಟಿನಲ್ಲಿ ಬಿದ್ದುಬಿದ್ದು ನಗುತ್ತಿದ್ದೆ. ನಾವು ಸೀಟಿನಡಿಯಲ್ಲಿ ಒಂದು ಬೂದು ಬಣ್ಣದ ವೈರನ್ನು ವರ್ಷಗಟ್ಟಲೆ ಸಿಕ್ಕಿಸಿದ್ದೆವು. ಯಾಕೆ ಎಂದರೆ ಮೇಲಿನವರು ಹಾಕು ಅಂದರೆ ಹಾಕು ಅನ್ನುತ್ತಿದ್ದರು. ಅದು ಸೀಟು ಬಿಸಿ ಮಾಡುವ ವೈರಂತೆ, ಇಷ್ಟು ದಿನ ಅದಕ್ಕೆ ಅಪ್ಪಣೆ ಇರಲಿಲ್ಲವಂತೆ. "ನೀವು ಹಾಕಿದ್ದೇ, ಮಾವ. ನಾವು ಬರೀ ಬೀಗ ತೆಗೆದ್ವಿ" ಎಂದೆ. ನಿನ್ನ ಅತ್ತೆಯ ಸೊಂಟನೋವಿಗೆ ಆ ಚಳಿಗಾಲ ನಿನ್ನ ಅಪ್‌ಡೇಟೇ ಔಷಧ. ಅಂದಿನಿಂದ ನಾನು ನಿನ್ನ ಕೆಲಸದ ಬಗ್ಗೆ ಗೊಣಗುವುದನ್ನು ಬಿಟ್ಟೆ. ರೇಡಿಯೋ ಬಟನ್ ವಿಷಯ ಬೇರೆ, ಅದರಲ್ಲಿ ರಾಜಿಯಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ನೀನೂ ಮಗನೂ ಹೊರಗೆ ಹೋಗಿದ್ದಾಗ ಗಡಿಯಾರ ಬಂದಿದ್ದ. ಗಡಿಯಾರ ಅಂದರೆ ನನ್ನ ಹಳೆಯ ಜೊತೆಗಾರ, ಈಗ ಹಳೇ ಶೆಡ್ಡಿನ ಸೂಪರ್‌ವೈಸರ್. ಒಂದು ವಾಚು ಕೈಕೊಟ್ಟರೆ ಇರಲಿ ಎಂದು ಇನ್ನೊಂದನ್ನೂ ಕಟ್ಟಿಕೊಂಡು, ಎರಡನ್ನೂ ನೋಡಿ ತಡವಾಗಿಯೇ ಬರುವ ಆಸಾಮಿ. ಕಂಪನಿಯ ಮುಂದಿನ ಹೊಸ ಕಾರು ಹಳೇ ಶೆಡ್ಡಿನಲ್ಲೇ ಜೋಡಣೆಯಾಗುತ್ತದೆ, ಶೆಡ್ಡು ಉಳಿಯಿತು ಎಂದು ಹೇಳಲು ಬಂದಿದ್ದ. ಹೇಳುತ್ತಾ ಹೇಳುತ್ತಾ, ನಿಮ್ಮ ಮದುವೆಗೆ ಬರಲಾಗದಿದ್ದ ಅವನು ಗೋಡೆಯ ಮೇಲಿನ ಮದುವೆ ಫೋಟೋ ನೋಡಿ ಲೋಟ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ.

"ಈಯಮ್ಮ ನಿಮ್ಮನೆ ಫೋಟೋದಲ್ಲಿ ಯಾಕಿದಾಳೆ?"

"ನನ್ನ ಸೊಸೆ ಕಣೋ" ಎಂದೆ. ಅವನು ಲೋಟ ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡ. ಆಮೇಲೆ ಹೇಳಿದ. ನೀನು ಹೇಳದೇ ಉಳಿಸಿದ್ದನ್ನೆಲ್ಲ ಹೇಳಿದ.

ಡಿಕ್ಕಿ ಬಾಗಿಲಿಗೆ ನೀವು ಹೊಸ ಅಪ್‌ಡೇಟ್ ಮಾಡಿದ್ದಿರಿ. ಬಾಗಿಲು ತಾನಾಗಿ ಇಳಿದು ಮುಚ್ಚಿಕೊಳ್ಳುವಾಗ ನಡುವೆ ಏನಾದರೂ ತಾಕಿದರೆ ಮೊದಲಿಗಿಂತ ಬೇಗ ಗ್ರಹಿಸಿ ನಿಲ್ಲಬೇಕು, ಅದಕ್ಕಾಗಿ. ಮೊದಲು ಕೆಲವೇ ಕಾರುಗಳಿಗೆ ಕಳಿಸಿದಿರಿ. ಕಂಪನಿಯ ಹೊಸ ಕಾರ್ಖಾನೆಯಲ್ಲಿ ಜೋಡಿಸಿದ ಕಾರುಗಳಲ್ಲಿ ಎಲ್ಲ ಸರಿಯಾಯಿತು. ನಮ್ಮ ಶೆಡ್ಡಿನ ಕಾರುಗಳಲ್ಲಿ ಮಾತ್ರ ಬಾಗಿಲು ಕೆಳಗಿನತನಕ ಬಂದು, ಸಂದಿ ಮುಚ್ಚಲೆಂದು ಅಂಚಿಗೆ ಹಾಕಿದ ರಬ್ಬರ್ ಬೀಡಿಂಗಿಗೆ ತಾಕಿದ ಕೂಡಲೇ ಮತ್ತೆ ಮೇಲೆದ್ದು ನಿಲ್ಲುತ್ತಿತ್ತಂತೆ. ಜನ ಅಂಗಡಿ ಮುಂದೆ ಸಾಮಾನು ತುಂಬಿಕೊಂಡು, ಮುಚ್ಚದ ಬಾಗಿಲಿನ ಜೊತೆ ಜಗಳಕ್ಕೆ ನಿಂತರಂತೆ. ನಿಮ್ಮ ಕಟ್ಟಡದಲ್ಲಿ ಎಲ್ಲರೂ ಒಂದೇ ಮಾತಾಡಿದರು: ಹಳೇ ಶೆಡ್ಡಿನವರ ಫಿಟ್ಟಿಂಗೇ ಸೊಟ್ಟ. ಹೊಸ ಕಾರನ್ನು ಎಲ್ಲಿ ಜೋಡಿಸುವುದು ಎಂದು ಕಂಪನಿ ತೀರ್ಮಾನಿಸುತ್ತಿದ್ದ ಹೊತ್ತೂ ಅದೇ. ಜೋಡಣೆಯ ದೋಷ ಎಂದು ನೀನೊಂದು ಮಾತು ಬರೆದಿದ್ದರೆ ಸಾಕಿತ್ತು, ಹೊಸ ಕಾರು ಕೈತಪ್ಪಿ ಶೆಡ್ಡಿನವರೆಲ್ಲರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತಿತ್ತು.

ಹಾಗೆ ಬರೆಯುವುದು ಬೇಡವೆಂದರೆ ನಿನ್ನ ಮ್ಯಾನೇಜರು ಇನ್ನೊಂದು ದಾರಿ ತೋರಿಸಿದ್ದನಂತೆ. ಬಾಗಿಲು ಇನ್ನಷ್ಟು ಜೋರಾಗಿ ಒತ್ತಲಿ, ಎಲ್ಲ ಕಾರುಗಳಿಗೂ ಹಾಗೇ ಮಾಡಿ ಕಳಿಸಿಬಿಡು, ಮುಚ್ಚಿಕೊಳ್ಳುತ್ತೆ ಎಂದ. "ಮುಚ್ಚುತ್ತೆ ಸಾರ್. ನಡುವೆ ಕೈ ಇದ್ರೂ ಮುಚ್ಚುತ್ತೆ" ಎಂದು ನೀನು ಅಂದದ್ದನ್ನು, ಆಮೇಲೆ ಮೀಟಿಂಗಿನಲ್ಲೂ ಅದೇ ಮಾತು ಕೇಳಿಸಿಕೊಂಡ ಗಡಿಯಾರ ನಿನ್ನ ಧಾಟಿಯಲ್ಲೇ ಹೇಳಿ ತೋರಿಸಿದ. ಎರಡಕ್ಕೂ ಒಪ್ಪದೆ ನೀನು ಅಪ್‌ಡೇಟನ್ನು ತಡೆದು ನಿಲ್ಲಿಸಿ, ಸೀದಾ ಹಳೇ ಶೆಡ್ಡಿಗೆ ಹೋದೆ. ಕಳಿಸುವ ಮುಂಚೆ ನೀವು ಪರೀಕ್ಷೆ ಮಾಡಿದ ಕಾರುಗಳೆಲ್ಲ ಎಲ್ಲಿ ಜೋಡಿಸಿದ್ದು ಎಂದು ನಿನಗೊಬ್ಬಳಿಗೇ ಅನುಮಾನ ಬಂದಿತ್ತು. ಎಲ್ಲವೂ ನಿಮ್ಮ ಕಟ್ಟಡದ ಮಗ್ಗುಲಲ್ಲೇ ಇರುವ ಹೊಸ ಕಾರ್ಖಾನೆಯವು.

ಶೆಡ್ಡಿನಲ್ಲಿ ನೀನು ಹೆಸರು ಹೇಳಿದೆ, ವಿಭಾಗ ಹೇಳಿದೆ, ಯಾರ ಸೊಸೆ ಎಂದು ಹೇಳಲಿಲ್ಲ. ನನ್ನ ಹೆಸರು ಹೇಳಿದ್ದರೆ ಕುರ್ಚಿ ಹಾಕಿ ಕೂರಿಸುತ್ತಿದ್ದರು ಅಮ್ಮಾ. ನೀನು ನಿಂತೇ ಇದ್ದೆಯಂತೆ, ಬೀಡಿಂಗ್ ಹಾಕುವ ಹೆಂಗಸಿನ ಪಕ್ಕದಲ್ಲಿ. ಎಲ್ಲರೂ ಬೀಡಿಂಗ್ ಅಕ್ಕ ಎನ್ನುವ ಆಕೆ ಯಾರನ್ನೂ ಹತ್ತಿರ ಸೇರಿಸುವವಳಲ್ಲ. ನಾನೇ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ನೀನು ಆಕೆಯ ಹತ್ತಿರ ಬೀಡಿಂಗ್ ಹಾಕುವುದನ್ನು ಕಲಿತು, ಅಂಗೈಯ ಬುಡದಿಂದ ಒತ್ತಿ ಒತ್ತಿ ಎಷ್ಟೋ ಕಾರುಗಳಿಗೆ ಹಾಕಿದೆಯಂತೆ. ಸಂದಿಯಲ್ಲಿ ಕಾಗದದ ಪಟ್ಟಿ ಇಟ್ಟು, ಬಾಗಿಲು ಮುಚ್ಚಿ, ಎಳೆದು ನೋಡಿದೆಯಂತೆ. ಕಾಗದ ಸಲೀಸಾಗಿ ಬಂದರೆ ಧೂಳೂ ಸಲೀಸಾಗಿ ಒಳಗೆ ಹೋಗುತ್ತದೆ ಎಂಬುದು ನಮ್ಮ ಲೈನಿನ ಲೆಕ್ಕ. ಒಂದು ಕಡೆಯಿಂದಲೂ ಕಾಗದ ಜಗ್ಗಲಿಲ್ಲ. ಹಳೇ ಶೆಡ್ಡಿನ ಕಾರುಗಳು ಹೋಗುವುದೇ ಮಣ್ಣು ರಸ್ತೆಯ ಊರುಗಳಿಗೆ, ಅದಕ್ಕೇ ಅವುಗಳಿಗೆ ದಪ್ಪ ಬೀಡಿಂಗ್. ಅದು ಬಾಗಿಲನ್ನು ಕೊಂಚ ತಳ್ಳುತ್ತದೆ. ಆ ತಳ್ಳುವಿಕೆಯನ್ನೇ ನಿಮ್ಮ ಅಪ್‌ಡೇಟ್ ಯಾರದೋ ಕೈ ಎಂದುಕೊಂಡು ಹೆದರಿ ಹಿಂದೆ ಸರಿಯುತ್ತಿತ್ತು. ಇದನ್ನು ನೀನು ಅಳೆದು, ಮತ್ತೆ ಅಳೆದು, ಗಟ್ಟಿ ಮಾಡಿಕೊಂಡು ವಾಪಸ್ ಹೋದೆ.

ಮೀಟಿಂಗಿಗೆ ಶೆಡ್ಡಿನ ಪರವಾಗಿ ಗಡಿಯಾರನನ್ನು ಕರೆಸಿದ್ದರು, ಬೈಸಿಕೊಳ್ಳಲಿಕ್ಕೆ. ಅವನು ತಲೆ ತಗ್ಗಿಸಿ ಕೂತಿದ್ದನಂತೆ. ನೀನು ಎದ್ದು ನಿಂತು ಹೇಳಿದ್ದನ್ನು ಅವನು ನನಗೆ ಒಪ್ಪಿಸಿದ, ನಾನು ಎರಡು ಸಲ ಹೇಳಿಸಿಕೊಂಡೆ.

"ಫಿಟ್ಟಿಂಗ್ ಸರಿಯಾಗಿದೆ ಸಾರ್. ಧೂಳು ಬರಬಾರದು ಅಂತ ಅವರು ಹಾಕಿರೋದು ಹಾಗೇ ಇರಬೇಕು. ತಪ್ಪು ನಮ್ಮದು. ಈ ಕಾರು ಎಲ್ಲಿ ಜೋಡಿಸಿದ್ದು ಅಂತ ನಾವು ಕೇಳ್ಲೇ ಇಲ್ಲ."

ಕಾರಿನ ಚಾಸಿ ನಂಬರಿನಲ್ಲೇ ಒಂದು ಅಕ್ಷರ ಅದು ಎಲ್ಲಿ ಜೋಡಣೆಯಾಯಿತು ಎಂದು ಹೇಳುತ್ತದೆ, ಅಪ್‌ಡೇಟ್ ಅದನ್ನು ನೋಡಿಕೊಂಡು ಆಯಾ ಕಾರಿಗೆ ತಕ್ಕ ಅಳತೆ ಹಿಡಿಯಲಿ ಎಂದು ನೀನು ಹೇಳಿದೆ. ಅದಕ್ಕೆ ಇನ್ನಷ್ಟು ಸಮಯ ಬೇಕೆಂದೆ. ಎಲ್ಲರೆದುರು ನಿನ್ನ ಮ್ಯಾನೇಜರು, ಅಪ್‌ಡೇಟ್ ಕಳಿಸುತ್ತೇವೆಂದು ಸಾರಿಕೊಂಡ ದಿನ ತಪ್ಪಿಸಿ ಕಂಪನಿಯ ಮಾನ ಕಳೆದೆ ಎಂದು ಕೂಗಾಡಿದನಂತೆ. ನಿನ್ನ ಕೈಗೆ ಬರಬೇಕಿದ್ದ ಹೊಸ ತಂಡವನ್ನು ಬೇರೆಯವರಿಗೆ ಕೊಟ್ಟನಂತೆ. ನೀನು ಕದಲಲಿಲ್ಲ, ಕೊನೆಗೆ ಕಂಪನಿ ನಿನ್ನ ಅಳತೆಯನ್ನೇ ಒಪ್ಪಿತಂತೆ. ಯಾರ ಸೊಸೆ ಎಂಬುದನ್ನು ಅಲ್ಲಿಯೂ ಹೇಳಲಿಲ್ಲ. ಯಾಕೆಂದು ನನಗೆ ಗೊತ್ತು. ಹೇಳಿದ್ದರೆ ನಿನ್ನ ಅಳತೆಯನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ, ಮಾವನ ಕಡೆ ವಕಾಲತ್ತು ಮಾಡುತ್ತಿದ್ದಾಳೆ ಎಂದು ಮುಗಿಸುತ್ತಿದ್ದರು.

ಗಡಿಯಾರ ಹೋದ ಮೇಲೆ ನನಗೊಂದು ನೆನಪಾಯಿತು. ನೀನು ಶೆಡ್ಡಿಗೆ ಹೋಗಿದ್ದ ವಾರ ಊಟಕ್ಕೆ ಕೂತಾಗ ನಿನ್ನ ಅಂಗೈ ಕೆಂಪಗೆ ಉಬ್ಬಿದ್ದನ್ನು ನಾನು ನೋಡಿದ್ದೆ. ಏನಾಯಿತು ಎಂದು ಕೇಳಿದ್ದಕ್ಕೆ ಬಕೆಟ್ಟಿನ ಹಿಡಿ ಒತ್ತಿತು ಎಂದು ನೀನು ಅಂದೆ, ನಾನು ನಂಬಿದೆ. ಬೀಡಿಂಗ್ ಒತ್ತಿದ ಕೈ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ನನ್ನ ಅಂಗೈ ವರ್ಷಗಟ್ಟಲೆ ಹಾಗೇ ಇತ್ತು. ಗಾಜಿನ ಕಟ್ಟಡದವಳ ಕೈಯಲ್ಲಿ ಆ ಗುರುತು ಇದ್ದೀತು ಎಂದು ಹೊಳೆಯಲೇ ಇಲ್ಲ ನೋಡು.

ನನ್ನ ಕಷ್ಟ ಕೇಳು ಈಗ. ನೀನು ಗುಟ್ಟಾಗಿಟ್ಟದ್ದನ್ನು ನಾನು ಬಯಲು ಮಾಡುವ ಹಾಗಿಲ್ಲ, ಗಡಿಯಾರನಿಗೂ ಬಾಯಿ ಬಿಡಬೇಡ ಎಂದಿದ್ದೇನೆ. ಬೆಳಿಗ್ಗೆ ವಾಕಿಂಗಿನಲ್ಲಿ ಶೆಡ್ಡಿನ ಹಳಬರು, ಯಾರೋ ಒಬ್ಬ ಹುಡುಗಿ ನಮ್ಮ ಮರ್ಯಾದೆ ಉಳಿಸಿದಳಂತೆ ಎಂದು ಮಾತಾಡಿಕೊಳ್ಳುತ್ತಾರೆ. ನಾನು ಹೌದೇನು, ಹಾಗಾ ಎನ್ನುತ್ತಾ, ಬಾಯಲ್ಲಿ ನೀರು ತುಂಬಿಕೊಂಡವನ ಹಾಗೆ ನಡೆಯುತ್ತೇನೆ. ಮನೆಗೆ ಬಂದು ನಿನ್ನ ಅತ್ತೆಯ ಮುಂದೆ ಮಾತ್ರ ಎಲ್ಲ ಹೇಳಿ ಹಗುರಾದೆ. ಅವಳು, "ಅವಳು ಹಾಗೇ ಅಂತ ನನಗೆ ಮೊದಲೇ ಗೊತ್ತು" ಎಂದು ಕಣ್ಣೊರೆಸಿಕೊಂಡಳು. ನನಗೆ ಹೆಮ್ಮೆ ಅಮ್ಮಾ, ತುಂಬಾ ಹೆಮ್ಮೆ. ನಾನು ಜೋಡಿಸಿದ ಯಾವ ಕಾರಿನ ಬಗ್ಗೆಯೂ ಇಷ್ಟು ಹೆಮ್ಮೆಪಟ್ಟವನಲ್ಲ.

ನಮ್ಮ ಶೆಡ್ಡಿನ ಕಾರುಗಳಿಗೆ ನೀನು ತಿದ್ದಿದ ಅಪ್‌ಡೇಟ್ ಇವತ್ತು ಬೆಳಿಗ್ಗೆ ನಮ್ಮ ಕಾರಿಗೂ ಬಂತು. ಎಲ್ಲರೂ ಹೊರಗೆ ಹೋಗಿದ್ದಿರಿ. ನಾನು ಹೋಗಿ ಡಿಕ್ಕಿ ತೆರೆದೆ. ಮುಚ್ಚುವ ಬಟನ್ ಒತ್ತಿ, ಬಾಗಿಲು ಇಳಿಯುವ ಅಂಚಿನ ಮೇಲೆ ನನ್ನ ಬಲಗೈ ಇಟ್ಟೆ. ಅಡುಗೆಮನೆಯಿಂದ ಒಂದು ಸೌತೆಕಾಯಿ ತಂದು ಇಡಬಹುದಿತ್ತು, ನೀವೆಲ್ಲ ಹಾಗೇ ಪರೀಕ್ಷೆ ಮಾಡುತ್ತೀರಂತೆ. ಲೈನಿನಲ್ಲಿದ್ದಷ್ಟು ಕಾಲ ನಾನು ಯಾರ ಮಾತನ್ನೂ ನಂಬಿ ಒಂದು ಬಾಗಿಲನ್ನೂ ಪಾಸು ಮಾಡಿದವನಲ್ಲ. ಇವತ್ತು ಬಾಗಿಲು ಇಳಿದು ಬರುವಾಗ ಕಣ್ಣು ಮುಚ್ಚಿಕೊಂಡೆ, ಕೈ ತೆಗೆಯಲಿಲ್ಲ. ಅದು ಬಂದು ಬೆರಳಿಗೆ ತಾಕಿತು, ನಿಂತಿತು, ಹಿಂದೆ ಸರಿಯಿತು.

ಬೈಯಬೇಡ, ಕೈ ಚೆನ್ನಾಗಿದೆ. ಈ ಪತ್ರವನ್ನು ಅದರಲ್ಲೇ ಬರೆದದ್ದು.

ನಿನ್ನ ಮುಖ ನೋಡದ, ಹೆಸರು ಕೇಳದ ಎಷ್ಟೋ ಮಂದಿ ಊರೂರಲ್ಲಿ ಆ ಬಾಗಿಲ ಕೆಳಗೆ ಕೈಯಿಟ್ಟು ನಿಂತಿರುತ್ತಾರೆ. ಅವರೆಲ್ಲರ ಬೆರಳು ಕ್ಷೇಮವಾಗಿರಲಿ, ನಿನ್ನ ಕೈಗೆ ಒಳ್ಳೆಯದಾಗಲಿ.

ಇಂತಿ,
ಗೋಡೆಯ ಈಚೆಗಿರುವ
ನಿನ್ನ ಮಾವ