ಬೆಣ್ಣೆ ವಾಸನೆಯ ಗಾಳಿ

ಬಡವನಹಳ್ಳಿ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಪ್ರಸನ್ನಣ್ಣನಿಗೆ ತಂಗಿ ಲೋಹಿತಾಳ ನಮಸ್ಕಾರ.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಅಮ್ಮ ಚೆನ್ನಾಗಿದ್ದಾರೆ, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಅತ್ತಿಗೆಗೆ ಏಳನೇ ತಿಂಗಳು ತುಂಬುತ್ತಿದೆ, ಹುಣಸೇಕಾಯಿ ಕಂಡರೆ ಬಿಡುವುದಿಲ್ಲ. ಫೋನ್ ಇರುವಾಗ ಪತ್ರವೇಕೆ ಎಂದು ನಗಬೇಡ. ಕೆಮ್ಮಿನ ಮಾತೆತ್ತಿದರೆ ಸಾಕು, "ನೆಟ್‌ವರ್ಕ್ ಸಿಕ್ತಿಲ್ಲ ಕಣಮ್ಮ" ಎಂದು ಇಟ್ಟುಬಿಡುತ್ತೀಯ.

ಶಿರಾ ಹತ್ತಿರದ ಲ್ಯಾಬಿನಲ್ಲಿ ನಾನು ಇಲಿಗಳನ್ನು ನೋಡಿಕೊಳ್ಳುತ್ತೇನೆಂದು ನಿನಗೆ ಗೊತ್ತು. ಅವುಗಳಿಗೆ ಏನು ಮಾಡುತ್ತಾರೆಂದು ಅಮ್ಮ ಕೇಳಿಲ್ಲ. ಸ್ನಾನ ಮಾಡದೆ ದೇವರ ಕೋಣೆಗೆ ಬಿಡುವುದಿಲ್ಲ, ಅಷ್ಟೇ. ತಂಬಾಕಿಗೆ ಘಮ ಬರಲೆಂದು ಬೆರೆಸುವ ಒಂದು ರಾಸಾಯನಿಕದ ಪರೀಕ್ಷೆ ಕೆಲವು ತಿಂಗಳಿಂದ ನಡೆಯುತ್ತಿದೆ. ಒಂದೊಂದು ಇಲಿಯನ್ನೂ ಕಿರಿದಾದ ಕೊಳವೆಯೊಳಗೆ ಕೂರಿಸುತ್ತೇವೆ, ಮೂತಿ ಮಾತ್ರ ಉಕ್ಕಿನ ಪೆಟ್ಟಿಗೆಯ ಒಳಗಿರುತ್ತದೆ. ಆ ಪೆಟ್ಟಿಗೆಯಲ್ಲಿ ರಾಸಾಯನಿಕದ ಆವಿ ಹರಿಯುತ್ತದೆ. ಅವು ಅದನ್ನೇ ಉಸಿರಾಡಬೇಕು. ನಮಗೆ ಮಾತ್ರ ಅದರ ವಾಸನೆಯೂ ತಾಗದಂತೆ ಮುಖಗವಸು. ಮೊನ್ನೆ ಶುಕ್ರವಾರ ಕೆಲಸ ಮುಗಿದು ಗವಸು ಬಿಚ್ಚಿದ್ದೆ. ಪೆಟ್ಟಿಗೆಯ ರಬ್ಬರು ಎಲ್ಲೋ ಸಡಿಲವಾಗಿತ್ತು, ಗಮ್ಮೆಂದು ಮೂಗಿಗೆ ಬಡಿಯಿತು. ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಬೇಯುವಾಗ ಬರುತ್ತದಲ್ಲ, ಅಂಥದ್ದು. ಸಂಕ್ರಾಂತಿಗೆ ನೀನು ಬಿಟ್ಟುಹೋದ ಅಂಗಿಯನ್ನು ಒಗೆದವಳು ನಾನು. ಎಷ್ಟು ಜಾಲಿಸಿದರೂ ಹೋಗದ ವಾಸನೆ ಅದೇ ಅಣ್ಣ.

ಆ ಇಲಿಗಳನ್ನು ನೀನು ನೋಡಬೇಕಿತ್ತು. ಉಸಿರೆಳೆದರೆ ಎದೆಯೊಳಗಿಂದ ಸಣ್ಣ ಸಿಳ್ಳೆ. ಕೂದಲು ಕೆದರಿಕೊಂಡು ಮೂಲೆಯಲ್ಲಿ ಕುಗ್ಗಿ ಕೂರುತ್ತವೆ, ಎತ್ತಿಕೊಂಡರೆ ಕಚ್ಚುವುದಕ್ಕೂ ತ್ರಾಣವಿಲ್ಲ. ನಿನ್ನೆ ಧೈರ್ಯ ಮಾಡಿ, ಆ ರಾಸಾಯನಿಕ ಯಾವುದೆಂದು ನಮ್ಮ ಲ್ಯಾಬಿನ ಪಶುವೈದ್ಯ ಕಿರಣ್ ಕುಮಾರ್ ಅವರನ್ನು ಕೇಳಿದೆ. "ಹೆಸರು ಹೊರಗೆ ಹೇಳೋ ಹಂಗಿಲ್ಲಮ್ಮ, ನೀನೂ ಸಹಿ ಹಾಕಿದ್ದೀಯ" ಅಂದರು. ಆಗ ನಿನ್ನ ವಿಷಯ ಹೇಳಿದೆ: ಪಾವಗಡದ ಆ ಕಿಟಕಿಯಿಲ್ಲದ ಶೆಡ್ಡು, ಬಿಸಿ ಡ್ರಮ್ಮು, ಅದರ ಮೇಲೆ ಬಗ್ಗಿ ತಂಬಾಕಿಗೆ ಸೆಂಟು ಕಲಸುವ ನೀನು, ಮೂಗಿಗೊಂದು ಟವೆಲ್ಲು. ಅವರು ಎದ್ದುಹೋಗಿ ಬಾಗಿಲು ಮುಚ್ಚಿದರು. "ಇಲಿಗೆ ಆದದ್ದು ಮನುಷ್ಯನಿಗೂ ಹಂಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ. ಆದ್ರೆ ಅವನು ನನ್ನ ತಮ್ಮ ಆಗಿದ್ರೆ ಒಂದು ದಿನಾನೂ ಅಲ್ಲಿ ಬಿಡ್ತಿರ್ಲಿಲ್ಲ" ಅಂದರು. ಇದನ್ನು ಬರೆದದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಅವರದೂ ಹೋಗಬಹುದು. ಯಾರಿಗೂ ತೋರಿಸಬೇಡ.

ನಿಮ್ಮ ತೆಲುಗು ಮೇಸ್ತ್ರಿ "ಏಮೀ ಕಾದು, ಬೆಲ್ಲಂ ತಿನು" ಅನ್ನುತ್ತಾನಂತೆ, ಏನೂ ಆಗಲ್ಲವಂತೆ. ಇದು ಬೆಲ್ಲ ತಿಂದರೆ ಇಳಿಯುವ ಕೆಮ್ಮಲ್ಲ ಅಣ್ಣ. ಹಬ್ಬದ ದಿನ ನಾನು ಡ್ಯೂಟಿಯಲ್ಲಿದ್ದಾಗ ನೀನು ಒಂದು ಬಿಂದಿಗೆ ನೀರು ತರಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟೆಯಂತೆ. ನಿನ್ನೆ ಅತ್ತಿಗೆ ಅಳುತ್ತಾ ಹೇಳಿದರು. "ಲೋಹಿಗೆ ಹೇಳ್ಬೇಡ, ಯುಗಾದಿಗಂಟ ಇದ್ದು ಆಮೇಲೆ ಬುಟ್ಬುಡ್ತೀನಿ, ಬುಟ್ಟ ಮ್ಯಾಲೆ ತಂತಾನೇ ಸರಿಹೋಯ್ತದೆ" ಅಂದೆಯಂತೆ. ನನಗೆ ಹೇಳಬಾರದ್ದು ಏನಿತ್ತು? ತುಮಕೂರಿನಲ್ಲಿ ಎದೆ ಡಾಕ್ಟರು ಯಂತ್ರಕ್ಕೆ ಊದಿಸಿ ಉಸಿರು ಎಷ್ಟಿದೆ ಎಂದು ನೋಡುತ್ತಾರೆ, ಒಮ್ಮೆ ಬಾ. ಅಲ್ಲಿಯವರೆಗೆ ಪ್ಯಾಕಿಂಗ್ ಕಡೆಗಾದರೂ ಹಾಕಲು ಕೇಳು. ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಈಗಲೂ, ಅಣ್ಣನಿಗೆ ಹೊತ್ತು ಹೊತ್ತಿಗೆ ಉಣ್ಣಲು ಬರೆ ಎಂದು ಒಳಗಿನಿಂದ ಕೂಗುತ್ತಿದ್ದಾರೆ.

ಅಮ್ಮನ ಆಶೀರ್ವಾದ, ಅತ್ತಿಗೆಯ ನೆನಪು, ನನ್ನ ಜಗಳ ಎಲ್ಲವೂ ಸೇರಿ,

ನಿನ್ನ
ಲೋಹಿತಾ

ತಾ.ಕ.: ಸೋಮವಾರ ಮಧ್ಯಾಹ್ನ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲ ಸುತ್ತಿನ ಕೆಲವು ಇಲಿಗಳಿಗೆ ಆವಿ ನಿಲ್ಲಿಸಿ ಇಷ್ಟು ದಿನ ಬರೀ ಒಳ್ಳೆಯ ಗಾಳಿ ಕೊಟ್ಟಿದ್ದೆವು, ಸುಧಾರಿಸುತ್ತವೆಯೇ ಎಂದು ನೋಡಲು. ಬೆಳಿಗ್ಗೆ ಕಿರಣ್ ಡಾಕ್ಟರು ಅವುಗಳ ಶ್ವಾಸಕೋಶ ಪರೀಕ್ಷಿಸಿದರು. ಸರಿಹೋಗಿಲ್ಲ ಅಣ್ಣ. ಅರ್ಧ ದಿನ ರಜೆ ಹಾಕಿ ಬಂದೆ. ಅಂಚೆಯನ್ನು ನಂಬಿ ಕೂರಲಾರೆ, ಪಾವಗಡದ ಬಸ್ಸು ಬಂತು. ಇದನ್ನು ನಿಮ್ಮ ಗೇಟಿನವನ ಕೈಯಲ್ಲಿ ಒಳಗೆ ಕಳಿಸಿರುತ್ತೇನೆ. ಓದಿದ ಮೇಲೆ ಮತ್ತೆ ಡ್ರಮ್ಮಿನ ಹತ್ತಿರ ಹೋಗಬೇಡ, ಬಟ್ಟೆ ಚೀಲ ತಗೊಂಡು ಬಂದುಬಿಡು. ನಾನು ಗೇಟಿನ ಹೊರಗೆ ನಿಂತಿದ್ದೇನೆ.